ಕೈಗೆಲಸದ ಬೆಲೆ

ಜರ್ಮನಿಯ ಟೈಗರ್ ಟ್ಯಾಂಕೊಂದು 1943ರಲ್ಲಿ ಟ್ಯುನೀಸಿಯದಲ್ಲಿ ಆಂಗ್ಲರ ಕೈಗೆ ಸಿಕ್ಕಿತು. ಇಂದಿಗೂ ಅದು ಇಂಗ್ಲೆಂಡಿನ ಬೋವಿಂಗ್ಟನ್ ವಸ್ತುಸಂಗ್ರಹಾಲಯದಲ್ಲಿರುವುದು. ಅಂತಹ ಟ್ಯಾಂಕಿನ 1/16 ಅಳತೆಯ ಪ್ರತಿರೂಪವನ್ನು ಜಪಾನಿನ ಷಿಜುವೊಕದ ತಾಮಿಯ ಸಂಸ್ಥೆಯವರು ಬಿಡಿಭಾಗಗಳಾಗಿ ಮಾರುವರು. ಮೊಳಕ್ಕೆ ಮಿಗಿಲಾದ ಉದ್ದದ ಈ ಬೊಂಬೆಯು ರೇಡಿಯೋ ಅಲೆಗಳ ಅಪ್ಪಣೆಯಂತೆ ಚಲಿಸುವುದು.

ಹವ್ಯಾಸಿಯಾದವನು ಅದನ್ನು ಜೋಡಿಸಿದಷ್ಟಕ್ಕೇ ತೃಪ್ತನಾಗನು. ಪ್ಲಾಸ್ಟಿಕ್ಕಿನ ಪಟ್ಟಿಗೆ ಬದಲಾಗಿ ಲೋಹದ ಪಟ್ಟಿಯನ್ನು ತೊಡಿಸುವನು. ತುಕ್ಕನ್ನೂ ಕೆಸರನ್ನೂ ಬಣ್ಣದಿಂದ ಬರೆಯುವನು. ಹೀಗೆ ವರ್ಷದ ಸಂಜೆಗಳು ಕಳೆಯುವುವು.

ಕೈ ನಡುಗುವ ಕಾಲ ಬಂದು ಮಾರಹೊರಟಾಗ ಪೇಟೆಯ ನ್ಯಾಯವು ಬೇರೆಯೇ ಆಗಿರುವುದು. ಕೊಳ್ಳುವವನು ಮೊದಲು ಗೇರುಗಳ ಸದ್ದಿಗೆ ಕಿವಿಗೊಡುವನು. ಲೋಹದ ಪಟ್ಟಿಗೆ ಹಳೆಯ ಸಾಮಾನಿನ ಬೆಲೆಯನ್ನು ಕಟ್ಟುವನು, ಸಂಜೆಗಳಿಗೆ ಬೆಲೆಯಿಲ್ಲ. ಬಣ್ಣವು ತನಗೊಪ್ಪದಿದ್ದರೆ ಅದನ್ನು ತೆಗೆಯುವ ಶ್ರಮಕ್ಕೆಂದು ಮತ್ತಷ್ಟು ಕಳೆಯುವನು. ಬಿಚ್ಚಿ ಬಿಡಿಬಿಡಿಯಾಗಿ ಮಾರಿದರೆ ಹೆಚ್ಚು ಹಣ ಬರುವುದೂ ಉಂಟು.

ಆದರೆ ತಾನು ಕಟ್ಟಿದುದನ್ನು ತನ್ನ ಕೈಯಿಂದಲೇ ಬಿಚ್ಚುವುದು ಸುಲಭವೇ? ತಿರುಪುಳಿಯನ್ನು ಎತ್ತಿಕೊಂಡವರಲ್ಲಿ ಕೆಲವರು ಅದನ್ನು ಕೆಳಗಿಟ್ಟು ಕಡಮೆ ಬೆಲೆಗೇ ಒಪ್ಪಿಬಿಡುವರು. ಲೆಕ್ಕದಲ್ಲಿ ಅದು ನಷ್ಟವೇ ಸರಿ; ಆದರೆ ಬೇರೊಂದು ಮನೆಯ ಅಂಗಳದಲ್ಲಿ ಟ್ಯಾಂಕು ಇಡಿಯಾಗಿ ಓಡುವುದು.