ಕೆಂಪು ಹ್ಯಾಟೆ ಪಿಳ್ಳೆ ಎಬ್ಬಿಸಿದ್ದು

ದಸರಾ ಕಳೆದ ಮೇಲೆ ನಮ್ಮನೆ ಕೆಂಪು ಹ್ಯಾಟೆ ಕಾವಿಗೆ ಬಂತು. ಮೈಯೆಲ್ಲಾ ಉಬ್ಬಿಸ್ಕೊಂಡು ಲೊಕ್ ಲೊಕ್ ಅಂತ ಓಡಾಡೋದು, ಹತ್ರ ಹೋದ್ರೆ ಕುಕ್ಕೋದು. ನಮ್ಮ ಯಜಮಾನ್ರು, “ನೀರಲ್ಲಿ ಅದ್ದಿ ಬಿಡು, ಕಾವು ಇಳಿಯುತ್ತೆ, ಮತ್ತೆ ಮೊಟ್ಟೆ ಇಡುತ್ತೆ” ಅಂದ್ರು. ನಾನು ಒಪ್ಪಲಿಲ್ಲ. ಅವರದು ಮೊಟ್ಟೆ ಲೆಕ್ಕ, ನಂದು ಪಿಳ್ಳೆ ಲೆಕ್ಕ.

ಹಳೇ ಮಕ್ರಿಗೆ ಹೇನು ಆಗದಂಗೆ ಒಲೆ ಬೂದಿ ಹಾಕಿ, ಮೇಲೆ ಒಣಹುಲ್ಲು ಹಾಸಿ, ವಾರದ ಒಳಗಿನ 11 ಮೊಟ್ಟೆ ಇಟ್ಟೆ. ಫ್ರಿಜ್ಜಲ್ಲಿಟ್ಟಿದ್ದು ಬೇಡ. ಕತ್ತಲಾದ ಮೇಲೆ ಕೂರಿಸಿದ್ರೆ ಗಲಾಟೆ ಮಾಡದೆ ಕೂರುತ್ತೆ. ಏಳನೇ ರಾತ್ರಿ ಮೊಬೈಲ್ ಟಾರ್ಚ್ ಹಿಡಿದು ನೋಡ್ದೆ. ಜೇಡರಬಲೆ ಥರ ಕೆಂಪು ನರ ಕಂಡ್ರೆ ಜೀವ ಕಟ್ಟಿದೆ ಅಂತ. ಒಂದು ಗೊಡ್ಡು, ತೆಗೆದೆ.

ಆ ತಾಯಿ ದಿನಕ್ಕೆ ಒಂದೇ ಸಲ ಎದ್ದು, ಗಬಗಬ ತಿಂದು, ನೀರು ಕುಡಿದು, ಓಡಿ ಬಂದು ಕೂರೋದು. ತಾನೇ ಕೊಕ್ಕಲ್ಲಿ ಮೊಟ್ಟೆ ಹೊರಳಿಸೋದು. 21ನೇ ದಿನ ಒಳಗಿಂದ ಚೀಂವ್ ಚೀಂವ್. 9 ಪಿಳ್ಳೆ ಎದ್ದವು, ಒಂದು ಚಿಪ್ಪಲ್ಲೇ ಸತ್ತಿತ್ತು. ಮೊದಲನೇ ದಿನ ಕಾಳು ಹಾಕೋ ಅವಸರ ಬೇಡ, ಒಳಗಿನ ಭಂಡಾರವೇ ಹೊಟ್ಟೆಗೆ ಸಾಕಾಗುತ್ತೆ. ಆಮೇಲೆ ನುಚ್ಚು, ರಾಗಿ. ವಾರದೊಳಗೆ ದನದಾಸ್ಪತ್ರೆಗೆ ಒಯ್ದು ಕೊಕ್ಕರೆ ರೋಗದ ಹನಿ ಕಣ್ಣಿಗೆ ಹಾಕಿಸ್ದೆ.

ಆದ್ರೂ ಒಂದನ್ನ ಹದ್ದು ಎತ್ತಿಕೊಂಡು ಹೋಯ್ತು, ಒಂದು ಜಡಿಮಳೆ ಥಂಡಿಗೆ ಹೋಯ್ತು, ಒಂದು ಬೆಕ್ಕಿನ ಪಾಲು. ಉಳಿದದ್ದು 6. ನಾಲ್ಕು ಹ್ಯಾಟೆ, ಎರಡು ಹುಂಜ. ಹುಂಜ ಎರಡೂ ಯುಗಾದಿ ಹೊಸತೊಡಕಿಗೆ ಅಂತ ಈಗಲೇ ಕೇಳಿದ್ದಾರೆ.

ಸಂಕ್ರಾಂತಿ ಹೊತ್ತಿಗೆ ತಾಯಿ ಪಿಳ್ಳೆಗಳನ್ನ ಕುಕ್ಕಿ ಕುಕ್ಕಿ ಓಡಿಸೋಕೆ ಶುರು ಮಾಡ್ತು. ಎರಡು ತಿಂಗಳು ರೆಕ್ಕೆ ಕೆಳಗೆ ಇಟ್ಕೊಂಡಿದ್ದು ಇದೇನಾ ಅನ್ನಿಸುತ್ತೆ. ಇನ್ನು ನಿಮ್ಮ ಹೊಟ್ಟೆ ನೀವು ನೋಡ್ಕೊಳ್ಳಿ ಅಂತ, ಅಷ್ಟೇ.

ನಾನು ಮದುವೆಯಾಗಿ ಬಂದಾಗ ಕೈಲಿ ಒಂದು ರೂಪಾಯಿ ಇರಲಿಲ್ಲ. ಪಕ್ಕದ ಮನೆ ಅಜ್ಜಿ ಒಂದು ಹ್ಯಾಟೆ ಪಾಲಿಗೆ ಕೊಟ್ರು. ಸಾಕೋದು ನಾನು, ಪಿಳ್ಳೆ ಆದ್ಮೇಲೆ ಅರ್ಧ ಅವ್ರಿಗೆ, ಅರ್ಧ ನಂಗೆ. ತವರಿಗೆ ಹೋಗೋ ಬಸ್ ಚಾರ್ಜು, ಮಗಳ ಪಿಯುಸಿ ಪರೀಕ್ಷೆ ಫೀಸು, ಎಲ್ಲಾ ಆ ದುಡ್ಡಲ್ಲೇ. ಯಾರ ಮುಂದೆಯೂ ಕೈ ಒಡ್ಡಲಿಲ್ಲ.

ಮೊನ್ನೆ ಹಿಂದಿನ ಬೀದಿಯ ಹೊಸ ಸೊಸೆ ಹಿತ್ತಲಲ್ಲಿ ಬಂದು ನಿಂತ್ಲು. ತುಂಬಾ ಹೊತ್ತು ಅದೂ ಇದೂ ಮಾತಾಡಿ ಕೊನೆಗೆ, “ದೊಡ್ಡಮ್ಮ, ನಂಗೂ ಒಂದು ಹ್ಯಾಟೆ ಪಾಲಿಗೆ ಕೊಡ್ತೀರಾ?” ಅಂದ್ಲು. ಯಾಕೆ ಅಂತ ಕೇಳಲಿಲ್ಲ, ಗೊತ್ತಾಯ್ತು. ಕೆಂಪು ಹ್ಯಾಟೆನೇ ಹಿಡಿದು ಕೊಟ್ಟೆ. “ಒಳ್ಳೇದನ್ನೇ ಕೊಟ್ಟುಬಿಟ್ಟೆಯಲ್ಲೇ” ಅಂದ್ರು ಯಜಮಾನ್ರು. ಪಾಲಿಗೆ ಕೊಡೋದಾದ್ರೆ ಪಿಳ್ಳೆ ಎಬ್ಬಿಸೋ ಹ್ಯಾಟೆ ಕೊಡಬೇಕು. ಇಲ್ದಿದ್ರೆ ಆ ಹುಡುಗಿ ಕೈಗೆ ಏನು ಹತ್ತುತ್ತೆ, ನೀವೇ ಹೇಳಿ.