ಖಾಲಾ, ಏನು ಓದ್ಕೊಂಡು ಹೋಗಲಿ?

ನಾವು ಮೂವರು ಅಕ್ಕತಂಗಿಯರು. ನಮ್ಮಲ್ಲಿ ಹಿರಿಯವಳ ಮಗಳು ಎಂಬಿಬಿಎಸ್ ಓದುತ್ತಿದ್ದಾಳೆ. ನಮ್ಮ ಮನೆತನದಲ್ಲಿ ರೋಗಿಯಾಗಿ ಅಲ್ಲದೆ ಆಸ್ಪತ್ರೆಯ ಬಾಗಿಲು ದಾಟಿದ ಮೊದಲ ಹೆಣ್ಣು ಅವಳು. ಮೊನ್ನೆ ಹಾಸ್ಟೆಲಿನಿಂದ ಫೋನ್ ಮಾಡಿದ್ದಳು.

“ಖಾಲಾ, ಮುಂದಿನ ವಾರದಿಂದ ಓಬಿಜಿ ಪೋಸ್ಟಿಂಗ್. ಹೆರಿಗೆ ವಾರ್ಡು. ಭಯ ಆಗ್ತಿದೆ. ಏನು ಓದ್ಕೊಂಡು ಹೋಗಲಿ?”

ನಮಗೆ ನಗು ಬಂತು. ದಪ್ಪ ದಪ್ಪ ಪುಸ್ತಕ ಓದಿದವಳು ಅವಳು. ನಾವು ಏಳನೆಯ ತರಗತಿಯವರೆಗೆ ಉರ್ದು ಶಾಲೆಯಲ್ಲಿ, ಆಮೇಲೆ ಕನ್ನಡದಲ್ಲಿ ಅಷ್ಟಿಷ್ಟು ಕಲಿತವರು. ಆದರೆ ಆ ವಾರ್ಡಿನ ಮಂಚದ ಮೇಲೆ ಮಲಗಿದ್ದು ನಾವು. ಮೂವರಿಗೂ ಸೇರಿ ಏಳು ಹೆರಿಗೆ, ಆರು ಮಕ್ಕಳು. ಆ ಮಟ್ಟಿಗೆ ನಮಗೂ ಹೇಳುವುದಿದೆ.

ಮೊದಲು ಹೇಳಿದ್ದು ಹೊಟ್ಟೆಪಾಡಿನ ಮಾತು. ರಾತ್ರಿ ಡ್ಯೂಟಿಗೆ ಉಂಡು ಹೋಗು. ಹಳೆಯ ಚಪ್ಪಲಿ ಹಾಕಿಕೋ, ಇನ್ನೊಂದು ಜೊತೆ ಬಟ್ಟೆ ಇಟ್ಟುಕೋ. ನೀರು ಒಡೆಯುವಾಗ ಹೇಳಿ ಕೇಳಿ ಒಡೆಯುವುದಿಲ್ಲ. ರಕ್ತ ನೋಡಿ ತಲೆ ಸುತ್ತಿದರೆ ನಾಚಿಕೆಪಡಬೇಡ, ಕುಳಿತುಕೋ. ಗಟ್ಟಿ ಆಳುಗಳಂಥ ಹುಡುಗರು ಅಲ್ಲಿ ಗೋಡೆ ಹಿಡಿದು ನಿಂತದ್ದನ್ನು ನಾವು ನೋಡಿದ್ದೇವೆ.

ಎರಡನೆಯದು ಭಾಷೆ. “ಕೊನೆಯ ಮುಟ್ಟು ಯಾವಾಗ ಆಯಿತು?” ಎಂದು ನೀನು ಕೇಳುತ್ತೀ. ಆ ತಾರೀಖಿಗೆ ಒಂಬತ್ತು ತಿಂಗಳು ಏಳು ದಿನ ಕೂಡಿಸಿ ಹೆರಿಗೆಯ ದಿನ ಹೇಳಬೇಕೆಂದು ನಿನಗೆ ಕಲಿಸಿದ್ದಾರೆ. ಆದರೆ ಎದುರಿನವಳು ತಾರೀಖು ಹೇಳುವುದಿಲ್ಲ. “ದೀಪಾವಳಿಗೆ ಮೊದಲೇ ನಿಂತಿತು” ಎನ್ನುತ್ತಾಳೆ. ನಮ್ಮವಳಾದರೆ “ಶಬೇ ಬರಾತ್ ಆಗಿ ಎಂಟು ದಿನಕ್ಕೆ” ಎನ್ನುತ್ತಾಳೆ. ಚಾಂದ್ರಮಾನದ ನಮ್ಮ ತಿಂಗಳುಗಳು ವರ್ಷಕ್ಕೆ ಸುಮಾರು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತವೆ. ಕ್ಯಾಲೆಂಡರ್ ಬಿಡಿಸಿ ಅವಳ ಜೊತೆ ಕುಳಿತು ಲೆಕ್ಕ ಹಾಕು. ಒಬ್ಬಳು ಬಿಳಿಸೆರಗು ಎಂದರೆ ಇನ್ನೊಬ್ಬಳು ಸಫೇದ್ ಪಾನಿ ಎನ್ನುತ್ತಾಳೆ, ಮತ್ತೊಬ್ಬಳು ಏನೂ ಹೇಳದೆ ಸೆರಗು ತಿರುವುತ್ತಾಳೆ. ಅತ್ತೆಯೇ ಎಲ್ಲಕ್ಕೂ ಉತ್ತರ ಕೊಡುತ್ತಿದ್ದರೆ ಅವರನ್ನು ಮರ್ಯಾದೆಯಿಂದ ಹೊರಗೆ ಕೂರಿಸಿ ಮತ್ತೊಮ್ಮೆ ಕೇಳು. ನಿಜವಾದ ಕಾಯಿಲೆ ಹೊರಬರುವುದು ಆಗಲೇ.

ಮೂರನೆಯದನ್ನು ಹೇಳಲು ನಮಗೆ ಇಷ್ಟು ವರ್ಷ ಬೇಕಾಯಿತು. ನಮ್ಮಲ್ಲೊಬ್ಬಳ ಮೊದಲ ಹೆರಿಗೆ. ಯಾರೆಂದು ಹೇಳುವುದಿಲ್ಲ, ಮೂವರದೂ ಎಂದುಕೊಂಡರೂ ತಪ್ಪಿಲ್ಲ. ಮಂಚದ ಕಾಲಬದಿಗೆ ಆರು ಮಂದಿ ವಿದ್ಯಾರ್ಥಿಗಳು ನಿಂತಿದ್ದರು. ಒಬ್ಬರಾದ ಮೇಲೆ ಒಬ್ಬರು ಕೈಗವಸು ಹಾಕಿಕೊಂಡು ಒಳಪರೀಕ್ಷೆ ಮಾಡಿದರು. “ಐದು ಸೆಂಟಿಮೀಟರ್” ಎಂದ ಒಬ್ಬ. “ಅಲ್ಲ, ಆರು” ಎಂದಳು ಇನ್ನೊಬ್ಬಳು. ಯಾರೂ ಹೆಸರು ಕೇಳಲಿಲ್ಲ. ಮಾಡಲೇ ಎಂದು ಕೇಳಲಿಲ್ಲ. ಪರದೆ ಎಳೆಯಲಿಲ್ಲ. ನೋವಿಗೆ ಕೂಗಿದಾಗ ಒಬ್ಬರು ತೊಡೆಗೆ ಹೊಡೆದು ಗದರಿದರು. ಬುರ್ಖಾ ಮಡಚಿ ತಲೆದಿಂಬಿನಡಿ ಇಟ್ಟಿದ್ದ ಆ ಹುಡುಗಿ ಅಂದು ಮುಖದ ಮೇಲೆ ಕೈ ಮುಚ್ಚಿಕೊಂಡಳು. ಮುಚ್ಚಿಕೊಳ್ಳಲು ಅವಳಿಗೆ ಉಳಿದಿದ್ದು ಅದೊಂದೇ.

ಈ ನಂಟಿಗೆ ಹಳೆಯ ಕಹಿ ಚರಿತ್ರೆಯೂ ಇದೆ. 1840ರ ದಶಕದಲ್ಲಿ ವಿಯೆನ್ನಾದ ದೊಡ್ಡಾಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಒಂದರಲ್ಲಿ ವೈದ್ಯ ವಿದ್ಯಾರ್ಥಿಗಳು, ಇನ್ನೊಂದರಲ್ಲಿ ಸೂಲಗಿತ್ತಿಯರು ಕಲಿಯುತ್ತಿದ್ದರು. 1846ರಲ್ಲಿ ವಿದ್ಯಾರ್ಥಿಗಳ ವಿಭಾಗದಲ್ಲಿ ನೂರಕ್ಕೆ ಸುಮಾರು 11 ತಾಯಂದಿರು ಸತ್ತರೆ ಸೂಲಗಿತ್ತಿಯರ ವಿಭಾಗದಲ್ಲಿ ಸುಮಾರು 3 ಮಂದಿ ಸತ್ತಿದ್ದರು. ಮೊದಲನೆಯದಕ್ಕೆ ಹಾಕಬೇಡಿ ಎಂದು ಹೆಂಗಸರು ಮಂಡಿಯೂರಿ ಬೇಡುತ್ತಿದ್ದರಂತೆ. ವಿದ್ಯಾರ್ಥಿಗಳು ಹೆಣ ಕೊಯ್ದ ಕೈಯಲ್ಲೇ ಹೆರಿಗೆಗೆ ಬರುತ್ತಿದ್ದರು. 1847ರಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯ ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯುವುದನ್ನು ಕಡ್ಡಾಯ ಮಾಡಿದ ಮೇಲೆ ಸಾವು ಸರ್ರನೆ ಇಳಿಯಿತು. ಕಾರಣ ಗೊತ್ತಿಲ್ಲದಿದ್ದರೂ ಅಪಾಯ ಎಲ್ಲಿದೆ ಎಂಬುದು ಆ ಹೆಂಗಸರಿಗೆ ತಿಳಿದಿತ್ತು. ಅವರ ಮಾತನ್ನು ಮಾತ್ರ ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ.

ಇಂದು ಕೈ ತೊಳೆಯುವುದು ಎಲ್ಲರಿಗೂ ಗೊತ್ತು. ಕೇಳುವುದನ್ನು ಇನ್ನೂ ಕಲಿಯಬೇಕಾಗಿದೆ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ರೂಪಿಸಿದ ರೋಗಿಗಳ ಹಕ್ಕುಗಳ ಸನ್ನದು ಖಾಸಗಿತನ ಮತ್ತು ಘನತೆಯನ್ನು ಹಕ್ಕು ಎಂದೇ ಕರೆದಿದೆ. ಪುರುಷ ವೈದ್ಯರು ಹೆಣ್ಣನ್ನು ಪರೀಕ್ಷಿಸುವಾಗ ಇನ್ನೊಬ್ಬ ಹೆಣ್ಣು ಜೊತೆಗಿರಬೇಕು ಎಂದಿದೆ. ನಿನ್ನ ಜೊತೆಗೆ ಕಲಿಯುವ ಹುಡುಗರಿಗೂ ಇದನ್ನು ಹೇಳು. ಅವರೂ ಕಲಿಯಬೇಕಾದವರೇ.

ನಾಲ್ಕನೆಯದು ಸಾವು. ಹೆರಿಗೆ ವಾರ್ಡು ಎಂದರೆ ಸಿಹಿ ಹಂಚುವ ಜಾಗ ಎಂದೇ ಎಲ್ಲರೂ ತಿಳಿದಿದ್ದಾರೆ. 2001-03ರಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 228 ತಾಯಂದಿರು ಸಾಯುತ್ತಿದ್ದರು. 2018-20ರ ಹೊತ್ತಿಗೆ ಅದು 69ಕ್ಕೆ ಇಳಿಯಿತು. ಇಳಿಸಿದ್ದು ಆಸ್ಪತ್ರೆಯ ಹೆರಿಗೆ, ರಕ್ತ, ಹೆರಿಗೆಯಾದ ಕೂಡಲೇ ಕೊಡುವ ಆಕ್ಸಿಟೋಸಿನ್ ಇಂಜೆಕ್ಷನ್. ಅದಕ್ಕೇ ಹೇಳುತ್ತೇವೆ, ಮಗು ಅತ್ತಿತು ಎಂದು ಎಲ್ಲರೂ ಅತ್ತ ತಿರುಗಿದಾಗ ನೀನು ತಾಯಿಯ ಕಡೆ ನೋಡು. ಕಸ ಪೂರ್ತಿ ಬಿತ್ತೇ, ಬಟ್ಟೆ ಎಷ್ಟು ನೆನೆದಿದೆ, ನೋಡು.

ಏಳು ಹೆರಿಗೆ, ಆರು ಮಕ್ಕಳು ಎಂದೆವಲ್ಲ. ಏಳನೆಯದರ ರಾತ್ರಿ ಒಬ್ಬ ವಿದ್ಯಾರ್ಥಿನಿ ಹೊಟ್ಟೆಯ ಮೇಲೆ ಕೊಳವೆಯಿಟ್ಟು ಬಹಳ ಹೊತ್ತು ಆಲಿಸಿದಳು. ಮಗುವಿನ ಎದೆಬಡಿತ ನಿಮಿಷಕ್ಕೆ 110ರಿಂದ 160 ಇರಬೇಕು. ಅವಳಿಗೆ ಒಂದೂ ಸಿಗಲಿಲ್ಲ. “ಮೇಡಂನ ಕರ್ಕೊಂಡು ಬರ್ತೀನಿ ಅಕ್ಕಾ” ಎಂದು ಹೋದಳು. ಮೇಡಂ ಬಂದು, ನೋಡಿ, ಎರಡು ಮಾತಿನಲ್ಲಿ ವಿಷಯ ತಿಳಿಸಿ ಹೋದರು. ಅವರಿಗೆ ಇನ್ನೂ ಹತ್ತು ಮಂಚಗಳಿದ್ದವು. ಆ ಹುಡುಗಿ ಮಾತ್ರ ಹೋಗಲಿಲ್ಲ. ಅವಳಿಗೆ ಉರ್ದು ಬರುತ್ತಿರಲಿಲ್ಲ, ನೋವಿನಲ್ಲಿ ನಮಗೆ ಕನ್ನಡ ಬರಲಿಲ್ಲ. ಬೆಳಗಿನವರೆಗೆ ಕೈ ಹಿಡಿದು ಕೂತಿದ್ದಳು. ಈಗ ಎಲ್ಲಿದ್ದಾಳೋ, ದೊಡ್ಡ ಡಾಕ್ಟರಾಗಿರಬೇಕು. ನಮ್ಮ ದುಆದಲ್ಲಿ ಇಂದಿಗೂ ಇದ್ದಾಳೆ.

ಇಷ್ಟನ್ನೂ ಕೇಳಿದ ಮೇಲೆ ನಮ್ಮ ಹುಡುಗಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ಹಾಗಾದ್ರೆ ಖಾಲಾ, ಈಗ ನೀವು ಮಲಗಿದ್ರೆ, ವಿದ್ಯಾರ್ಥಿಗಳು ಬರೋದು ಬೇಡ ಅಂತೀರಾ?” ಎಂದಳು.

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಹಣವಿದ್ದವರು ಖಾಸಗಿ ಕೋಣೆಗೆ ಹೋಗುತ್ತಾರೆ. ವಿದ್ಯಾರ್ಥಿಗಳು ಕಲಿಯುವುದು ಹೆಚ್ಚಾಗಿ ಬಡವರ ಮೈಮೇಲೆಯೇ. ಇದು ನ್ಯಾಯವಲ್ಲ. ಆದರೆ ನಾವೂ ಬೇಡವೆಂದರೆ, ನಾಳೆ ನಮ್ಮ ಹೆಣ್ಣುಮಕ್ಕಳ ಹೆರಿಗೆ ಮಾಡಿಸುವವರು ಎಲ್ಲಿ ಕಲಿಯಬೇಕು?

“ಬೇಡ ಅನ್ನೋದಿಲ್ಲ ಬೇಟಿ” ಎಂದೆವು. “ಒಂದು ಸಲ ಕೇಳಿದರೆ ಸಾಕು. ಕೇಳಿದರೆ ಕೊಡುತ್ತೇವೆ. ಕೇಳದೆ ತೆಗೆದುಕೊಂಡದ್ದಕ್ಕೇ ಇಷ್ಟು ವರ್ಷ ನೋವಾದದ್ದು.”