ಕಡಲೂರಿನ ಮಧ್ಯಮ ದರದ ಕೋಣೆ

ಹುಮನಾಬಾದ್, ಬಸವಕಲ್ಯಾಣಗಳ ವಸತಿಗೃಹಗಳು ರಾಷ್ಟ್ರೀಯ ಹೆದ್ದಾರಿ 65ರ ಪ್ರಯಾಣಿಕರನ್ನೂ ಮಾಣಿಕನಗರದ ದತ್ತಜಯಂತಿಗೆ, ಅನುಭವ ಮಂಟಪಕ್ಕೆ ಬರುವ ಭಕ್ತರನ್ನೂ ನೆಚ್ಚಿಕೊಂಡಿದ್ದು, ಅಲ್ಲಿ ರಾತ್ರಿ ನಿದ್ದೆ, ಬೆಳಗ್ಗೆ ಬಿಸಿನೀರು ಸಿಕ್ಕರೆ ಅತಿಥಿ ತೃಪ್ತ. ಅದೇ ಅಳತೆಯಲ್ಲಿ ಗೋಕರ್ಣ, ಮುರುಡೇಶ್ವರಗಳಿಗೆ ಹೋಗುವ ಕುಟುಂಬಕ್ಕೆ ಮಧ್ಯಮ ದರ್ಜೆಯ, ಎಂದರೆ ಐಷಾರಾಮವಿಲ್ಲದಿದ್ದರೂ ಶುಚಿಯಾದ, ಸ್ವಂತ ಸ್ನಾನಗೃಹವುಳ್ಳ ಕೋಣೆಯೂ ದುಬಾರಿಯೆನಿಸುವುದು ಸಹಜ. ಆದರೆ ಉಪ್ಪುಗಾಳಿಗೆ ಕಿಟಕಿಯ ಸರಳು, ನಲ್ಲಿ, ಎ.ಸಿ.ಯ ಹೊರಘಟಕಗಳೆಲ್ಲ ತುಕ್ಕು ಹಿಡಿಯುವುದರಿಂದಲೂ ಮಳೆಗಾಲದಲ್ಲಿ ಕೋಣೆಗಳು ಖಾಲಿ ಬೀಳುವುದರಿಂದಲೂ ಆ ವೆಚ್ಚವನ್ನು ಡಿಸೆಂಬರಿನ ಅತಿಥಿಯೇ ತುಂಬಬೇಕಾಗುತ್ತದೆ. ತೆರಿಗೆಯ ದೂರು ಮಾತ್ರ ಈಗ ಅಷ್ಟಾಗಿ ಸಲ್ಲದು: ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ 5ಕ್ಕೆ ಇಳಿದಿದೆ.